ಹಿರಿಯರ ಕಾಲು ಸಣ್ಣಗಾಗಿ, ಮನಸ್ಸೂ ಮಂಕಾದಾಗ: ವಾಕಿಂಗ್, ಕುರ್ಚಿ ವ್ಯಾಯಾಮ, ಯೋಗ, ಜಿಮ್, ಪೌಡರ್ – ಯಾರಿಗೆ ಯಾವುದು?

ಡಾಕ್ಟರು "ದಿನಾ ವಾಕಿಂಗ್ ಮಾಡಿ" ಎಂದಿರುತ್ತಾರೆ. ಪಕ್ಕದ ಮನೆಯವರು ಯೋಗ ಕ್ಲಾಸಿಗೆ ಕರೆದಿರುತ್ತಾರೆ. ಬೆಂಗಳೂರಿನಲ್ಲಿರುವ ಮಗ ಪ್ರೋಟೀನ್ ಪೌಡರಿನ ಡಬ್ಬ ಕಳಿಸಿರುತ್ತಾನೆ. ಮಗಳು ಫೋನಿನಲ್ಲಿ "ನೀವೇನೂ ಕೆಲಸ ಮಾಡಬೇಡಿ ಅಮ್ಮ, ಸುಮ್ನೆ ಕೂತಿರಿ" ಎನ್ನುತ್ತಾಳೆ. ಕೊನೆಯದು ಪ್ರೀತಿಯ ಮಾತೇ. ಆದರೆ ನಾಲ್ಕರಲ್ಲಿ ಕೆಟ್ಟ ಆಯ್ಕೆಯೂ ಅದೇ. ಉಳಿದ ಮೂರು ಒಳ್ಳೆಯವು, ಆದರೆ ಯಾವುದೂ ಒಂದೇ ಸಾಲದು.

ಹಾಸನ, ಚಿಕ್ಕಮಗಳೂರು ಕಡೆ ಈಗ ಎಷ್ಟೋ ದೊಡ್ಡ ಮನೆಗಳಲ್ಲಿ ಇಬ್ಬರೇ ಹಿರಿಯರಿದ್ದಾರೆ, ಕೆಲವು ಕಡೆ ಒಬ್ಬರೇ. ಅಂಥ ಮನೆಯವರಿಗೂ, ದೂರದಲ್ಲಿ ಕೂತು ಅವರ ಬಗ್ಗೆ ತೀರ್ಮಾನ ಮಾಡುವ ಮಕ್ಕಳಿಗೂ ಈ ಬರಹ.

ಮೊದಲು ಅಳೆದು ನೋಡಿ

ಆಯ್ಕೆ ಮಾಡುವ ಮುಂಚೆ ಕಾಲಿನ ಶಕ್ತಿ ಎಷ್ಟಿದೆ ಎಂದು ತಿಳಿಯಬೇಕು. ಅದಕ್ಕೆ ಸ್ಕ್ಯಾನಿಂಗ್ ಬೇಕಿಲ್ಲ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಿರಿಯರು ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಅಳತೆಯ ಪ್ರಕಾರ, ಇದಕ್ಕೆ 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಸ್ನಾಯು ಸೋತಿರಬಹುದು ಎಂದು ಅನುಮಾನಿಸಬೇಕು. ಕೈ ಊರದೆ ಏಳಲು ಆಗಲೇ ಇಲ್ಲ ಎಂದರೆ ಗಡಿಯಾರ ನೋಡುವ ಅಗತ್ಯವೇ ಇಲ್ಲ.

ಇನ್ನೊಂದು ಅಳತೆ ಮೀನಖಂಡದ್ದು. ದರ್ಜಿಯ ಟೇಪಿನಲ್ಲಿ ಅತಿ ದಪ್ಪ ಇರುವ ಕಡೆ ಅಳೆಯಿರಿ. ಗಂಡಸರಿಗೆ 34 ಸೆಂಟಿಮೀಟರಿಗಿಂತ, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಅದೂ ಎಚ್ಚರಿಕೆಯೇ. ಕಾಲು ಊದಿಕೊಂಡವರಲ್ಲಿ ಈ ಅಳತೆ ನಂಬಬೇಡಿ. ತೂಕದ ಮಿಷನ್ನನ್ನೂ ನಂಬಬೇಡಿ. ಸ್ನಾಯು ಕರಗಿ ಹೊಟ್ಟೆಯಲ್ಲಿ ಕೊಬ್ಬು ಸೇರಿದರೆ ತೂಕ ಹಾಗೇ ಇರುತ್ತದೆ. "ಅಮ್ಮ ದಪ್ಪಗೇ ಇದ್ದಾರಲ್ಲ" ಎಂದು ಎಷ್ಟೋ ಜನ ಮೋಸ ಹೋಗುವುದು ಇಲ್ಲೇ.

ವಯಸ್ಸಿನ ಜೊತೆ ಸ್ನಾಯು ಹೀಗೆ ಕರಗುವುದಕ್ಕೆ ಸಾರ್ಕೋಪೀನಿಯಾ ಎಂಬ ಹೆಸರಿದೆ. 1989ರಲ್ಲಿ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ ಕೊಟ್ಟ ಹೆಸರು ಅದು. ಅಲ್ಲಿಯವರೆಗೆ ಎಲ್ಲರೂ ಇದನ್ನು "ವಯಸ್ಸಾಯ್ತು" ಎಂದೇ ಬಿಟ್ಟಿದ್ದರು. ನಾವು ಈಗಲೂ ಹಾಗೇ ಬಿಡುತ್ತೇವೆ, ಅಲ್ವಾ?

ಕಾಲಿಗೂ ಬೇಜಾರಿಗೂ ಏನು ಸಂಬಂಧ?

ಕಾಲು ಸೋತವರು ಮೊದಲು ಬಿಡುವುದು ಮದುವೆ ಮನೆ. ಆಮೇಲೆ ದೇವಸ್ಥಾನ, ಆಮೇಲೆ ಸಂತೆ. ಬಸ್ಸಿನ ಮೆಟ್ಟಿಲು ಹತ್ತುವ ಭಯ, ಎಲ್ಲಿ ಬೀಳುತ್ತೇನೋ ಎಂಬ ಭಯ. ಮಾತಾಡುವ ಜನ ಕಡಿಮೆಯಾಗುತ್ತಾರೆ. ಮನಸ್ಸು ಮಂಕಾಗುತ್ತದೆ. ಮನಸ್ಸು ಮಂಕಾದರೆ ಹಸಿವಿಲ್ಲ, ನಿದ್ದೆ ಇಲ್ಲ, ಏಳಲು ಮನಸ್ಸಿಲ್ಲ. ಊಟ ಇಳಿದರೆ ಸ್ನಾಯು ಇನ್ನೂ ಕರಗುತ್ತದೆ. ಎರಡೂ ಒಂದನ್ನೊಂದು ಕೆಳಗೆ ಎಳೆಯುತ್ತವೆ.

ದೇಹದ ಒಳಗೂ ಈ ಕೊಂಡಿ ಇರುವಂತಿದೆ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯವರು 2014ರಲ್ಲಿ ಇಲಿಗಳಲ್ಲಿ ಒಂದು ವಿಷಯ ತೋರಿಸಿದರು. ಒತ್ತಡದಲ್ಲಿ ರಕ್ತದಲ್ಲಿ ಹೆಚ್ಚುವ ಕೈನ್ಯುರೆನಿನ್ ಎಂಬ ವಸ್ತು ಮೆದುಳಿಗೆ ಹೋದರೆ ಖಿನ್ನತೆಯಂಥ ಲಕ್ಷಣ ಬರುತ್ತದೆ. ಚೆನ್ನಾಗಿ ಪಳಗಿದ ಸ್ನಾಯು ಅದನ್ನು ಮೆದುಳಿಗೆ ಹೋಗಲಾರದ ರೂಪಕ್ಕೆ ಬದಲಿಸಿಬಿಡುತ್ತದೆ. ಮನುಷ್ಯರ ವಿಷಯದಲ್ಲಿ ಇನ್ನೂ ನೇರವಾದ ಆಧಾರವಿದೆ. ಭಾರದ ವ್ಯಾಯಾಮದ ಬಗ್ಗೆ ನಡೆದ 33 ಪ್ರಯೋಗಗಳನ್ನು 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದು ಕಂಡಿತು. ಹಾಗಾಗಿ ಆಯ್ಕೆ ಮಾಡುವಾಗ ಎರಡು ಪ್ರಶ್ನೆ ಜೊತೆಗೇ ಕೇಳಬೇಕು: ಇದರಿಂದ ತೊಡೆಗೆ ಭಾರ ಬೀಳುತ್ತದೆಯೇ? ಇದರಿಂದ ಒಬ್ಬರ ಮುಖ ನೋಡುವಂತಾಗುತ್ತದೆಯೇ?

ವಿಶ್ರಾಂತಿ: ಯಾರೂ ಆಯ್ಕೆ ಎಂದು ಎಣಿಸದ ಆಯ್ಕೆ

ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ ಒಂದು ಅಮೆರಿಕನ್ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆ ಹತ್ತು ದಿನದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕೆಜಿ ಕೊಬ್ಬಿಲ್ಲದ ಅಂಶ, ಅಂದರೆ ಹೆಚ್ಚಾಗಿ ಸ್ನಾಯು, ಹೋಗಿತ್ತು. ಕಾಯಿಲೆ ಇಲ್ಲದವರ ಕಥೆ ಇದು. ಜ್ವರ ಬಂದು ಮಲಗಿದವರು, ಆಪರೇಷನ್ ಆದವರು ಎಷ್ಟು ಕಳೆದುಕೊಳ್ಳಬಹುದು ಯೋಚಿಸಿ. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಸೌದೆ ಕೂಡಿಡುವ ಹಾಗೆ, ಕಾಯಿಲೆ ಬೀಳುವ ಮುಂಚೆಯೇ ಸ್ನಾಯು ಕೂಡಿಡಬೇಕು.

ಮಕ್ಕಳು ರಜೆಗೆ ಬಂದು ಮನೆಗೆಲಸಕ್ಕೆ ಆಳು ಇಡುತ್ತಾರೆ. ನೆಲ ಒರೆಸುವುದು, ನೀರು ಹೊರುವುದು, ಹೂವಿಗೆ ಹೋಗುವುದು, ಎಲ್ಲ ನಿಂತುಹೋಗುತ್ತದೆ. ಆಮೇಲೆ ಮೂರು ತಿಂಗಳಿಗೆ "ಅಮ್ಮ ಯಾಕೋ ಮಂಕಾಗಿದ್ದಾರೆ" ಎನ್ನುತ್ತಾರೆ. ಬೀಳುವ ಅಪಾಯ ಇರುವ ಕೆಲಸ ತೆಗೆಯಿರಿ: ಸ್ಟೂಲ್ ಹತ್ತಿ ಅಟ್ಟದಿಂದ ಪಾತ್ರೆ ಇಳಿಸುವುದು, ಪಾಚಿ ಕಟ್ಟಿದ ಬಚ್ಚಲು ತಿಕ್ಕುವುದು. ಉಳಿದದ್ದನ್ನು ಅವರಿಗೇ ಬಿಡಿ. ಈ ಮನೆಗೆ ನಾನಿನ್ನೂ ಬೇಕು ಎಂಬ ಭಾವನೆಯನ್ನು ಯಾವ ಮಾತ್ರೆಯೂ ಕೊಡುವುದಿಲ್ಲ.

ವಾಕಿಂಗ್ ಎದುರು ಕುರ್ಚಿ

ನಿಜವಾದ ಹೋಲಿಕೆ ಇರುವುದು ಇಲ್ಲಿ.

ವಾಕಿಂಗ್ ಹೃದಯಕ್ಕೆ, ಶುಗರಿಗೆ, ಬಿಪಿಗೆ, ನಿದ್ದೆಗೆ ಒಳ್ಳೆಯದು. ಮನಸ್ಸಿಗೂ ಒಳ್ಳೆಯದು, ಅದರಲ್ಲೂ ಜೊತೆಗಾರರಿದ್ದರೆ. ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ಸುತ್ತು ಹಾಕಿ, ಕೊನೆಗೆ ಬೆಂಚಿನ ಮೇಲೆ ಕೂತು ಹರಟುವವರಿಗೆ ಆ ಹರಟೆಯೇ ಅರ್ಧ ಔಷಧಿ. ಆದರೆ ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ನಡೆದರೆ ತೊಡೆಯ ಸ್ನಾಯುವಿಗೆ ಹೆಚ್ಚಿನ ಭಾರವೇನೂ ಬೀಳುವುದಿಲ್ಲ. ಎಷ್ಟೋ ವರ್ಷದಿಂದ ತಪ್ಪದೆ ವಾಕಿಂಗ್ ಮಾಡುವವರೂ ಕುರ್ಚಿಯಿಂದ ಏಳಲು ಕೈ ಊರುವುದು ಅದಕ್ಕೇ. ಚಿಕ್ಕಮಗಳೂರಿನ ರತ್ನಗಿರಿ ಬೋರೆಯ ಏರು ಹತ್ತುವುದು ಬೇರೆ ಲೆಕ್ಕ. ಏರು, ಮೆಟ್ಟಿಲು ಎರಡೂ ತೊಡೆಯನ್ನು ದುಡಿಸುತ್ತವೆ.

ಇನ್ನೊಂದು ತೊಂದರೆ ಮಳೆ. ಕಡೂರು, ಅರಸೀಕೆರೆ ಕಡೆಯವರಿಗೆ ವರ್ಷವಿಡೀ ವಾಕಿಂಗ್ ಸಾಧ್ಯ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳಕ್ಕೆ ಇಳಿಯುವುದೇ ಜಾರಿಕೆ. ಮಳೆಗಾಲಪೂರ್ತಿ ಜಗಲಿಯಲ್ಲಿ ಕೂತು ಮಳೆ ನೋಡಿದರೆ ಕಾಲೂ ಹೋಗುತ್ತದೆ, ಮನಸ್ಸೂ ಹೋಗುತ್ತದೆ. ವಾಕಿಂಗನ್ನೇ ನಂಬಿದವರಿಗೆ ಮಲೆನಾಡಿನಲ್ಲಿ ವರ್ಷದ ಮೂರನೇ ಒಂದು ಭಾಗ ವ್ಯಾಯಾಮವೇ ಇಲ್ಲ.

ಕುರ್ಚಿ ವ್ಯಾಯಾಮ ಎಂದರೆ ಪರೀಕ್ಷೆಗೆ ಮಾಡಿದ್ದನ್ನೇ ಅಭ್ಯಾಸ ಮಾಡುವುದು. ಎದ್ದು ಕೂರುವುದು, ಎಂಟರಿಂದ ಹನ್ನೆರಡು ಸಲ. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸರದಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಗೆ ಕೈ ಕೊಟ್ಟು ತಳ್ಳುವುದು. ಜಗಲಿಯ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು, ಪಕ್ಕದಲ್ಲಿ ಕಂಬ ಇರಲಿ. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕೆಜಿ ಭಾರ, ಕೈಗೆ ಅದು ಸಾಕು. ಗುಟ್ಟು ಒಂದೇ: ಕೊನೆಯ ಎರಡು ಸಲ ಕಷ್ಟ ಅನಿಸಬೇಕು. ಸುಲಭವಾದರೆ ಕುರ್ಚಿಯ ಎತ್ತರ ಇಳಿಸಿ, ಇಲ್ಲವೇ ಕೈಯಲ್ಲಿ ಬಾಟಲಿ ಹಿಡಿಯಿರಿ. ಉಸಿರು ಕಟ್ಟಬೇಡಿ, ಏಳುವಾಗ ಉಸಿರು ಬಿಡಿ. ವಾರಕ್ಕೆ ಎರಡು ಮೂರು ದಿನ ಸಾಕು, ಮಧ್ಯೆ ಒಂದು ದಿನ ಬಿಡುವು.

ಈ ವಯಸ್ಸಿನಲ್ಲಿ ಸ್ನಾಯು ಬೆಳೆಯುತ್ತದೆಯೇ ಎಂದು ಕೇಳುವವರಿಗೆ ಒಂದು ಹಳೆಯ ಪ್ರಯೋಗ ಹೇಳಬೇಕು. 1990ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮುಗಿಸಿದವರ ಕಾಲಿನ ಶಕ್ತಿ ಸರಾಸರಿ 174 ಶೇಕಡಾ ಹೆಚ್ಚಿತು. ಎಪ್ಪತ್ತಕ್ಕೇ "ನಮ್ಮದು ಮುಗೀತು" ಎನ್ನುವವರು ಇದನ್ನು ಇನ್ನೊಮ್ಮೆ ಓದಲಿ.

ಕುರ್ಚಿಯ ದೋಷ ಅದು ಒಂಟಿ ಕೆಲಸ ಆಗಿರುವುದು. ಬೇಜಾರಿನಲ್ಲಿರುವವರು ಒಬ್ಬರೇ ಕೋಣೆಯಲ್ಲಿ ಎದ್ದು ಕೂರುವುದನ್ನು ಒಂದು ವಾರದಲ್ಲಿ ಬಿಡುತ್ತಾರೆ. ಅದಕ್ಕೆ ಮಗಳು ವಿಡಿಯೋ ಕಾಲ್ ಮಾಡಿ ಜೊತೆಗೇ ಎದ್ದು ಕೂರಲಿ. ಪಕ್ಕದ ಮನೆಯ ಅಜ್ಜಿಯನ್ನೂ ಕರೆಯಲಿ. "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಎಂಬ ಫೋನಿಗಿಂತ ಹತ್ತು ನಿಮಿಷದ ಈ ಫೋನು ಮೇಲು.

ಹಾಗಾದರೆ ಯಾವುದು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಎರಡನ್ನೂ ಹೇಳಿದೆ: ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ, ಎರಡು ದಿನವಾದರೂ ಸ್ನಾಯುವಿಗೆ ಭಾರ, ಮೂರು ದಿನ ಸಮತೋಲನದ ಅಭ್ಯಾಸ. ಒಂದನ್ನೇ ಆರಿಸಬೇಕು ಎಂದು ಹಟ ಹಿಡಿದರೆ, ಕಾಲು ಆಗಲೇ ಸೋತವರಿಗೆ ನಾನು ಕುರ್ಚಿ ಎನ್ನುತ್ತೇನೆ. ಕಾಲು ಚೆನ್ನಾಗಿದ್ದು ಮನಸ್ಸು ಮಾತ್ರ ಕುಗ್ಗಿದವರಿಗೆ ಜೊತೆಗಾರರಿರುವ ವಾಕಿಂಗ್.

ಯೋಗ ಕ್ಲಾಸ್, ಜಿಮ್, ಫಿಸಿಯೋ

ಯೋಗ ಕ್ಲಾಸಿನ ದೊಡ್ಡ ಲಾಭ ಜನ. ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿ, ಒಳ್ಳೆ ಬಟ್ಟೆ ಹಾಕಿ ಹೊರಡಬೇಕಲ್ಲ, ಅದೇ ಮನಸ್ಸಿಗೆ ಚಿಕಿತ್ಸೆ. ಆದರೆ ಕ್ಲಾಸಿನಲ್ಲಿ ಏನು ಮಾಡಿಸುತ್ತಾರೆ ನೋಡಿ. ಹಿರಿಯರ ಕ್ಲಾಸು ಎಂದರೆ ಹೆಚ್ಚಾಗಿ ಪ್ರಾಣಾಯಾಮ, ಧ್ಯಾನ, ಕೂತು ಮಾಡುವ ಆಸನ. ಆತಂಕಕ್ಕೆ, ನಿದ್ದೆಗೆ ಅದು ಒಳ್ಳೆಯದು. ತೊಡೆಗೆ ಮಾತ್ರ ಏನೂ ಸಿಗುವುದಿಲ್ಲ. ಉತ್ಕಟಾಸನ, ವೀರಭದ್ರಾಸನದಂಥ ನಿಂತು ಮಾಡುವ ಆಸನ ಇದ್ದರೆ ಸರಿ. ಟೀಚರನ್ನು ಕೇಳಲು ಸಂಕೋಚ ಬೇಡ. ಮೂಳೆ ಟೊಳ್ಳಾಗುವ ತೊಂದರೆ (ಆಸ್ಟಿಯೊಪೊರೋಸಿಸ್) ಇರುವವರು ಮುಂದಕ್ಕೆ ಜೋರಾಗಿ ಬಾಗುವ ಆಸನ ಬಿಡಬೇಕು.

ಜಿಮ್ ಎಂದರೆ ನಮ್ಮ ಹಿರಿಯರು ನಗುತ್ತಾರೆ. ಆದರೆ ಕೂತು ಕಾಲಿನಿಂದ ತಳ್ಳುವ ಲೆಗ್ ಪ್ರೆಸ್ ಮಿಷನ್ ಇದೆಯಲ್ಲ, ಬೀಳುವ ಭಯ ಇರುವವರಿಗೆ ಅಷ್ಟು ಸುರಕ್ಷಿತವಾಗಿ ಭಾರ ಕೊಡುವ ಸಾಧನ ಮನೆಯಲ್ಲಿ ಇಲ್ಲ. ಜಿಮ್ಮಿನ ತೊಂದರೆ ಮಿಷನ್ನಿನದಲ್ಲ, ಕಿವಿ ಹರಿಯುವ ಹಾಡಿನದು, ಹುಡುಗರ ಗದ್ದಲದ್ದು. ಬೆಳಿಗ್ಗೆ ಹತ್ತರ ಮೇಲೆ ಹೋದರೆ ಗದ್ದಲ ಕಡಿಮೆ. ಟ್ರೇನರ್ ಮೊದಲ ದಿನವೇ ಬಿಪಿ, ಹೃದಯ, ಮಂಡಿ, ಬಿದ್ದದ್ದು ಇತ್ಯಾದಿ ಕೇಳದಿದ್ದರೆ ಆ ಜಿಮ್ ಬೇಡ. ತಾಲ್ಲೂಕು ಕೇಂದ್ರದಿಂದ ದೂರ ಇರುವವರಿಗೆ ಈ ಆಯ್ಕೆ ಇಲ್ಲವೇ ಇಲ್ಲ ಬಿಡಿ.

ಫಿಸಿಯೋಥೆರಪಿಸ್ಟ್ ಎಲ್ಲರಿಗೂ ಬೇಕಿಲ್ಲ. ಆರು ತಿಂಗಳಲ್ಲಿ ಒಂದು ಸಲವಾದರೂ ಬಿದ್ದವರು, ಸೊಂಟದ ಮೂಳೆ ಮುರಿದವರು, ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಇರುವವರು, ಎದ್ದರೆ ತಲೆ ಸುತ್ತುವವರು ಮನೆಯಲ್ಲಿ ತಾವೇ ಶುರು ಮಾಡಬಾರದು. ಇವರಿಗೆ ಮೊದಲ ಆಯ್ಕೆಯೇ ಫಿಸಿಯೋ. ಕರೆಂಟ್ ಹಚ್ಚಿ, ಶಾಖ ಕೊಟ್ಟು ಕಳಿಸುವವರಿಗಿಂತ, ಎಬ್ಬಿಸಿ ನಿಲ್ಲಿಸಿ ಅಭ್ಯಾಸ ಮಾಡಿಸುವವರನ್ನು ಹುಡುಕಿ.

ತೋಟದಲ್ಲಿ ಕೂಲಿ ಮಾಡುತ್ತಲೇ ವಯಸ್ಸಾದವರಿಗೆ ಮೇಲಿನ ಯಾವುದೂ ಹೊಂದುವುದಿಲ್ಲ. ಇಳಿಜಾರು ಹತ್ತಿ ಕಾಫಿ ಕೊಯ್ದು ಮೂಟೆ ಹೊತ್ತವರಿಗೆ "ವ್ಯಾಯಾಮ ಮಾಡಿ" ಎನ್ನುವುದು ಅವರನ್ನು ಗೇಲಿ ಮಾಡಿದ ಹಾಗೆ. ಅವರ ಸ್ನಾಯು ಕರಗುತ್ತಿದ್ದರೆ ಮೊದಲು ನೋಡಬೇಕಾದ್ದು ತಟ್ಟೆ.

ಡಬ್ಬದ ಪೌಡರ್ ಎದುರು ಹುರಳಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ದೊಡ್ಡವರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ಹೇಳಿತು. ಹಿರಿಯರಿಗಾಗಿಯೇ ಯೋಚಿಸಿದ ಅಂತರರಾಷ್ಟ್ರೀಯ ತಜ್ಞರ ಗುಂಪು 2013ರಲ್ಲೇ 1.0ರಿಂದ 1.2 ಗ್ರಾಂ ಬೇಕು ಎಂದಿತ್ತು. 60 ಕೆಜಿ ತೂಕದವರಿಗೆ ಅದು 60ರಿಂದ 72 ಗ್ರಾಂ.

ಈಗ ನಮ್ಮ ತಟ್ಟೆ ನೋಡಿ. ಬೆಳಿಗ್ಗೆ ಎರಡು ಅಕ್ಕಿರೊಟ್ಟಿ, ಚಟ್ನಿ, ಕಾಫಿ. ಆ ರೊಟ್ಟಿಗಳಲ್ಲಿ ಸುಮಾರು ಆರೇಳು ಗ್ರಾಂ. ಮಧ್ಯಾಹ್ನ ಅನ್ನ, ತಿಳಿ ಸಾರು, ಮಜ್ಜಿಗೆ. ರಾತ್ರಿ ಹಲ್ಲಿಲ್ಲ ಎಂದು ಗಂಜಿ. ಲೆಕ್ಕ ಅರ್ಧಕ್ಕೂ ಬರುವುದಿಲ್ಲ. ಬಯಲುಸೀಮೆ ಕಡೆ ಮುದ್ದೆ ಇದೆಯಲ್ಲ ಎನ್ನಬಹುದು. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳ, ಪ್ರೋಟೀನ್ ಮಾತ್ರ ಅಕ್ಕಿಯಷ್ಟೇ. ಜೊತೆಗಿರುವ ಸಾರು ಏನು ಎಂಬುದೇ ಮುಖ್ಯ.

ಹುರಳಿಕಾಳಿನಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ಬಸ್ಸಾರಿನಲ್ಲಿ ಏನಾಗುತ್ತದೆ? ಕಟ್ಟು ಬಸಿದು ಸಾರು ಮಾಡುತ್ತೇವೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಹಲ್ಲಿಲ್ಲದ ಹಿರಿಯರು ಸಾರು ಮಾತ್ರ ಬಡಿಸಿಕೊಳ್ಳುತ್ತಾರೆ. ಪ್ರೋಟೀನಿನ ದೊಡ್ಡ ಪಾಲು ಪಲ್ಯದ ಜೊತೆ ಉಳಿದುಬಿಡುತ್ತದೆ. ಒಂದು ಸೌಟು ಕಾಳನ್ನು ಮಸಾಲೆ ಜೊತೆ ರುಬ್ಬಿ ಸಾರಿಗೇ ಸೇರಿಸಿ. ಅವರೆಕಾಳು, ಹೆಸರುಕಾಳು ಹೀಗೇ.

ಒಂದು ಮೊಟ್ಟೆಗೆ ಆರು ಗ್ರಾಂ, ಒಂದು ಲೋಟ ಹಾಲಿಗೂ ಅಷ್ಟೇ. ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ ಏಳರ ಹತ್ತಿರ, ನೆನೆಸಿ ಅಥವಾ ಚಟ್ನಿ ಮಾಡಿ ಕೊಡಿ. ಘಾಟಿ ಹತ್ತಿ ಬರುವ ಬೂತಾಯಿ ಮೀನು 100 ಗ್ರಾಮಿಗೆ ಹತ್ತಿರ ಹತ್ತಿರ 20 ಗ್ರಾಂ, ಬೆಲೆಯೂ ಕಡಿಮೆ, ಮೆತ್ತಗೂ ಇರುತ್ತದೆ. ಸೋಮವಾರ, ಶನಿವಾರ, ಏಕಾದಶಿ ಎಂದು ಒಪ್ಪತ್ತು ಮಾಡುವವರು ಆ ದಿನ ಹಾಲು, ಮೊಸರು, ಬೀಜ ಬಿಡಬಾರದು. ಒಂದೇ ಹೊತ್ತಿಗೆ ತುಂಬಿಸುವುದಕ್ಕಿಂತ ಮೂರು ಹೊತ್ತಿಗೆ ಹಂಚುವುದು ಒಳ್ಳೆಯದು. ನಮ್ಮಲ್ಲಿ ಸೊರಗಿರುವುದು ಬೆಳಗಿನ ತಿಂಡಿಯೇ.

ಪೌಡರ್ ಯಾರಿಗೆ? ಆಸ್ಪತ್ರೆಯಿಂದ ಬಂದು ಊಟ ಸೇರದವರಿಗೆ, ನುಂಗಲು ಕಷ್ಟ ಇರುವವರಿಗೆ ಅದು ಉಪಯೋಗ. ಡಬ್ಬದ ಹಿಂದೆ ಓದಿ. ಒಳ್ಳೆಯ ವ್ಹೇ (ಹಾಲಿನ ಪ್ರೋಟೀನ್) ಪೌಡರಾದರೆ ಡಬ್ಬದಲ್ಲೇ ಬರುವ ದೊಡ್ಡ ಅಳತೆ ಚಮಚೆ ಒಂದರಲ್ಲಿ ಪ್ರೋಟೀನ್ 20 ಗ್ರಾಂ ದಾಟುತ್ತದೆ. "ಹಿರಿಯರ ಶಕ್ತಿಗೆ" ಎಂದು ಮಾರುವ ಎಷ್ಟೋ ಡಬ್ಬಗಳಲ್ಲಿ ಮಾಲ್ಟು, ಸಕ್ಕರೆಯೇ ಮುಂದೆ. ಅದನ್ನು ಕುಡಿಯುವ ಬದಲು ಎರಡು ಮೊಟ್ಟೆ ತಿನ್ನಲಿ. ಕಿಡ್ನಿ ತೊಂದರೆ ಇರುವವರು ಪೌಡರ್ ಇರಲಿ, ಕಾಳು ಹೆಚ್ಚಿಸುವುದಕ್ಕೂ ಡಾಕ್ಟರನ್ನು ಕೇಳಬೇಕು. ಇನ್ನೊಂದು ಮಾತು: ವ್ಯಾಯಾಮ ಇಲ್ಲದೆ ಬರೀ ಪೌಡರ್ ಕುಡಿದರೆ ಕಾಲಿನ ಶಕ್ತಿ ಹೆಚ್ಚುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ.

ಊರಲ್ಲೇ ಇರುವುದೋ, ಬೆಂಗಳೂರಿಗೆ ಹೋಗುವುದೋ

ಇದು ವ್ಯಾಯಾಮದ ಪ್ರಶ್ನೆ ಅಲ್ಲ ಅನಿಸಬಹುದು. ಆದರೆ ಕಾಲು ಸೋತ ಮೇಲೆ ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ ಇದೇ. ಬೆಂಗಳೂರಿನ ಫ್ಲಾಟಿನಲ್ಲಿ ಆಸ್ಪತ್ರೆ ಹತ್ತಿರ, ಮಕ್ಕಳು ರಾತ್ರಿಯಾದರೂ ಸಿಗುತ್ತಾರೆ. ಆದರೆ ಲಿಫ್ಟು, ಸೋಫಾ, ಟಿವಿ. ಹಗಲೆಲ್ಲ ಮಾತಿಗೆ ಜನವಿಲ್ಲ. ಊರಿನಲ್ಲಿ ಅಂಗಳ, ಹಿತ್ತಲು, ದನ, ಹಾಲಿನ ಡೇರಿಗೆ ಹೋಗಿ ಬರುವುದು, ಹೆಸರು ಹಿಡಿದು ಕರೆಯುವ ಜನ. ಆದರೆ ಮಳೆಯಲ್ಲಿ ಕರೆಂಟ್ ಹೋದ ರಾತ್ರಿ ಬಚ್ಚಲಲ್ಲಿ ಬಿದ್ದರೆ ಬೆಳಗಿನ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಎರಡೂ ಕಡೆಗೆ ಒಂದೇ ಅಳತೆ ಹಿಡಿಯಿರಿ. ದಿನಕ್ಕೆ ಎಷ್ಟು ಜನರ ಜೊತೆ ಮಾತಾಡುತ್ತಾರೆ? ದಿನಕ್ಕೆ ಎಷ್ಟು ಸಲ ಎದ್ದು ನಡೆಯಲೇಬೇಕಾಗುತ್ತದೆ? ಬಿದ್ದರೆ ಎಷ್ಟು ಹೊತ್ತಿನಲ್ಲಿ ಯಾರು ಬರುತ್ತಾರೆ? ಮೊದಲ ಎರಡರಲ್ಲಿ ಊರು ಗೆದ್ದು ಮೂರನೆಯದರಲ್ಲಿ ಮಾತ್ರ ಸೋತರೆ, ಅದನ್ನು ಸರಿಪಡಿಸಬಹುದು. ಬಚ್ಚಲಿಗೆ ಹಿಡಿಕೆ, ರಾತ್ರಿ ದೀಪಕ್ಕೆ ಬ್ಯಾಟರಿ, ಬೆಳಿಗ್ಗೆ ಸಂಜೆ ಬಾಗಿಲು ತಟ್ಟುವ ಒಬ್ಬರು. ಮಳೆಗಾಲಕ್ಕೆ ಮಾತ್ರ ಬೆಂಗಳೂರು, ಕಾಫಿ ಕೊಯ್ಲಿಗೆ ವಾಪಸ್ ಊರು ಎಂಬ ಮಧ್ಯದ ದಾರಿಯೂ ಇದೆ. ನನಗೆ ಹೆಚ್ಚಿನ ಮನೆಗಳಿಗೆ ಅದೇ ಸರಿ ಅನಿಸುತ್ತದೆ. ಮರೆವಿನ ಕಾಯಿಲೆ ಶುರುವಾಗಿದ್ದರೆ ಮಾತ್ರ ಮನೆ ಪದೇಪದೇ ಬದಲಿಸಬೇಡಿ.

ಇದ್ಯಾವುದಕ್ಕೂ ಮುಂಚೆ ಡಾಕ್ಟರ್ ಬೇಕಾದವರು

ಹಿರಿಯರು "ನನಗೆ ದುಃಖ ಆಗ್ತಿದೆ" ಎಂದು ಹೇಳುವುದು ಅಪರೂಪ. "ಸುಸ್ತು", "ಮೈಕೈ ನೋವು", "ಊಟ ಸೇರಲ್ಲ", "ಇನ್ನು ಯಾಕಿರಬೇಕು" ಎನ್ನುತ್ತಾರೆ. ಎರಡು ವಾರಕ್ಕಿಂತ ಜಾಸ್ತಿ ಹೀಗಿದ್ದರೆ, ಹಿಂದೆ ಇಷ್ಟಪಡುತ್ತಿದ್ದದ್ದು ಯಾವುದೂ ಬೇಡವಾಗಿದ್ದರೆ, ಅದು ಖಿನ್ನತೆ ಇರಬಹುದು. ಅಲ್ಲಿ ವ್ಯಾಯಾಮ ಚಿಕಿತ್ಸೆಯ ಜೊತೆಗೆ ಬರಬೇಕು, ಚಿಕಿತ್ಸೆಯ ಬದಲು ಅಲ್ಲ. "ಎದ್ದು ನಡೀರಿ, ಎಲ್ಲ ಸರಿ ಹೋಗುತ್ತೆ" ಎಂದು ಅಂಥವರನ್ನು ದೂಡಿದರೆ ಅವರು ಇನ್ನೂ ಕುಗ್ಗುತ್ತಾರೆ. ಸಾಯುವ ಮಾತು ಆಡಿದರೆ ತಡ ಮಾಡಬೇಡಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತದೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರ ಬೇರೆ ತೊಂದರೆಗಳಿಗೆ 14567 ಇದೆ.

ಕಾರಣವಿಲ್ಲದೆ ಕೆಲವೇ ತಿಂಗಳಲ್ಲಿ ತೂಕ ಇಳಿದರೂ ಡಾಕ್ಟರೇ ಮೊದಲು. ಥೈರಾಯ್ಡ್, ಬಿ12, ವಿಟಮಿನ್ ಡಿ, ರಕ್ತಹೀನತೆ, ಶುಗರ್ ಇವು ಕಾಲನ್ನೂ ಮನಸ್ಸನ್ನೂ ಒಟ್ಟಿಗೇ ಕೆಡಿಸಬಲ್ಲವು. ಸಸ್ಯಾಹಾರಿಗಳಲ್ಲಿ, ಶುಗರಿಗೆ ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಕೊರತೆ ಸಾಮಾನ್ಯ. ಕೊಲೆಸ್ಟ್ರಾಲಿನ ಮಾತ್ರೆಯಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ, ನಿದ್ದೆ ಮಾತ್ರೆಯಿಂದ ಬೀಳುವ ಅಪಾಯ ಹೆಚ್ಚುತ್ತದೆ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಟೇಬಲ್ ಮೇಲೆ ಇಡಿ. ಜೊತೆಗೆ ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಂಡು ಹೋಗಿ: ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಹಿಡಿಯಿತು, ಮೀನಖಂಡದ ಅಳತೆ ಎಷ್ಟು, ಈ ವರ್ಷ ಎಷ್ಟು ಸಲ ಬಿದ್ದರು, ಯಾವ ಕೆಲಸ ಬಿಟ್ಟರು.